ಟ್ಯೂಬ್ ಹೆಡ್‌ಫೋನ್ ಆಂಪ್: ಪದೇ ಪದೇ ಕೇಳುವ ಪ್ರಶ್ನೆಗಳು

ಟ್ಯೂಬ್ ಆಂಪ್ (ಆಂಪ್ಲಿಫೈಯರ್) ಕೊಳ್ಳಬೇಕು ಅಂದುಕೊಂಡವರು, ಕೊಂಡ ಮೇಲೆ ತಲೆ ಕೆರೆದುಕೊಳ್ಳುತ್ತಿರುವವರು, ಸುಮ್ನೆ ಕುತೂಹಲಕ್ಕೆ ಓದುವವರು, ಎಲ್ಲರಿಗೂ ಇದು. ನನಗೂ ಈ ಹುಚ್ಚು ಇದೆ, ಹಾಗಾಗಿ ಉತ್ತರಗಳಲ್ಲಿ ಸ್ವಲ್ಪ ಪಕ್ಷಪಾತ ಇರುತ್ತದೆ. ಅಳೆಯಲು ಬರುವುದನ್ನು ಅಳತೆಯಲ್ಲೇ ಹೇಳಿದ್ದೇನೆ. ಉಳಿದದ್ದು ನನ್ನ ಕಿವಿಯ ಮಾತು.

ಟ್ಯೂಬ್ ಆಂಪ್ ಅಂದ್ರೆ ಏನು? ಒಳಗೆ ಏನು ನಡೆಯುತ್ತೆ?

ಟ್ರಾನ್ಸಿಸ್ಟರ್ ಬರುವ ಮುಂಚೆ ರೇಡಿಯೊ, ಟೆಲಿಫೋನ್ ಎಕ್ಸ್‌ಚೇಂಜು, ಸಿನಿಮಾ ಟಾಕೀಸು ಎಲ್ಲ ಕಡೆ ಸದ್ದು ದೊಡ್ಡದು ಮಾಡುತ್ತಿದ್ದದ್ದು ಗಾಜಿನ ಟ್ಯೂಬ್. ಮನೆಯಲ್ಲಿ ಹಳೇ ವಾಲ್ವ್ (ಟ್ಯೂಬಿಗೇ ಇನ್ನೊಂದು ಹೆಸರು) ರೇಡಿಯೊ ಇದ್ದವರಿಗೆ ಗೊತ್ತು, ಸ್ವಿಚ್ ಹಾಕಿದ ತಕ್ಷಣ ಸದ್ದು ಬರುತ್ತಿರಲಿಲ್ಲ. ಟ್ಯೂಬ್ ಬಿಸಿಯಾಗುವ ತನಕ ಕಾಯಬೇಕಿತ್ತು.

ಆ ಗಾಜಿನೊಳಗೆ ಗಾಳಿ ಇಲ್ಲ. ನಡುವೆ ಕ್ಯಾಥೋಡ್ ಅನ್ನುವ ಸಣ್ಣ ಲೋಹದ ಕೊಳವೆ, ಅದರೊಳಗೆ ಹೀಟರ್ ತಂತಿ. ಹೀಟರ್ ಕೆಂಪಗಾದಾಗ ಕ್ಯಾಥೋಡಿನಿಂದ ಎಲೆಕ್ಟ್ರಾನ್‌ಗಳು ಹೊರಬೀಳುತ್ತವೆ. ಸುತ್ತಲಿನ ಪ್ಲೇಟ್‌ಗೆ ನೂರಾರು ವೋಲ್ಟ್ ಪಾಸಿಟಿವ್ ಕೊಟ್ಟಿರುತ್ತಾರೆ, ಅವು ಅತ್ತ ಓಡುತ್ತವೆ. ಎರಡರ ಮಧ್ಯೆ ಗ್ರಿಡ್ ಅನ್ನುವ ತೆಳ್ಳನೆ ತಂತಿಯ ಸುತ್ತು. ಹಾಡಿನ ಸಿಗ್ನಲ್ ಬಂದು ಸೇರುವುದು ಇಲ್ಲಿಗೆ. ಗ್ರಿಡ್ ವೋಲ್ಟೇಜ್ ಒಂಚೂರು ಅಲುಗಿದರೂ ಪ್ಲೇಟಿನ ಕರೆಂಟು ಜೋರಾಗಿ ಏರಿಳಿಯುತ್ತದೆ. ಆಂಪ್ಲಿಫಿಕೇಶನ್ ಅಂದರೆ ಇಷ್ಟೇ. 1904ರಲ್ಲಿ ಫ್ಲೆಮಿಂಗ್ ಎರಡು ಎಲೆಕ್ಟ್ರೋಡಿನ ಟ್ಯೂಬ್ ಮಾಡಿದರು. 1906-07ರ ಹೊತ್ತಿಗೆ ಲೀ ಡಿ ಫಾರೆಸ್ಟ್ ಅದಕ್ಕೆ ಗ್ರಿಡ್ ಸೇರಿಸಿದರು. ಇವತ್ತು ನೀವು ಕೊಳ್ಳುವ ಟ್ರಯೋಡ್‌ನ, ಅಂದರೆ ಮೂರು ಎಲೆಕ್ಟ್ರೋಡಿನ ಟ್ಯೂಬಿನ, ಮೂಲ ವಿನ್ಯಾಸ ಅದೇ.

ಫೋನಿಗೆ ಹೆಡ್‌ಫೋನ್ ಹಾಕಿದರೆ ಸದ್ದು ಬರುತ್ತಲ್ಲ, ಆಂಪ್ ಯಾಕೆ?

ಎಷ್ಟೋ ಹೆಡ್‌ಫೋನ್‌ಗಳಿಗೆ ಬೇಡವೇ ಬೇಡ. ಇಯರ್‌ಫೋನು, 32 ಓಮ್ (ಇಂಪಿಡೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆಯ ಅಳತೆ) ಆಸುಪಾಸಿನ ಮಾಮೂಲಿ ಹೆಡ್‌ಫೋನು ಫೋನಿನಲ್ಲೇ ಅಥವಾ ಬೆರಳುದ್ದದ ಯುಎಸ್‌ಬಿ ಡಾಂಗಲ್‌ನಲ್ಲೇ ಚೆನ್ನಾಗಿ ಓಡುತ್ತವೆ.

300 ಓಮ್, 600 ಓಮ್ ಹೆಡ್‌ಫೋನ್‌ಗಳ ಲೆಕ್ಕ ಬೇರೆ. ಅವಕ್ಕೆ ಕರೆಂಟು ಕಡಿಮೆ ಸಾಕು, ವೋಲ್ಟೇಜು ಜಾಸ್ತಿ ಬೇಕು. 1 ಮಿಲಿವ್ಯಾಟ್ ಕೊಡಲು 32 ಓಮ್‌ಗೆ ಸುಮಾರು 0.18 ವೋಲ್ಟ್ ಸಾಕು, 300 ಓಮ್‌ಗೆ 0.55 ವೋಲ್ಟ್ ಬೇಕು. ಟ್ಯೂಬಿನ ಸ್ವಭಾವವೂ ಇದೇ: ವೋಲ್ಟೇಜು ಧಾರಾಳ, ಕರೆಂಟು ಕಂಜೂಸ್. ಸ್ಪೀಕರ್ ಓಡಿಸಲು ಟ್ಯೂಬ್‌ಗಳು ದೊಡ್ಡ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೊತ್ತು ಒದ್ದಾಡಬೇಕು. ಹೆಚ್ಚು ಓಮ್‌ನ ಹೆಡ್‌ಫೋನ್‌ಗೆ ಆ ತಾಪತ್ರಯ ಇಲ್ಲ. ಟ್ಯೂಬ್ ಹವ್ಯಾಸಕ್ಕೆ ಹೆಡ್‌ಫೋನೇ ಸಲೀಸಾದ ಬಾಗಿಲು ಅಂತ ನಾನು ಹೇಳುವುದು ಇದೇ ಕಾರಣಕ್ಕೆ.

ನಿಜವಾಗಿಯೂ ಚೆನ್ನಾಗಿ ಕೇಳಿಸುತ್ತಾ, ಅಥವಾ ಎಲ್ಲ ಭ್ರಮೆಯಾ?

ಎರಡೂ ಇದೆ.

ಮೊದಲು ಅಳತೆ. ಡಿಸ್ಟಾರ್ಶನ್ (ಮೂಲ ಸಿಗ್ನಲಿನ ರೂಪ ಕೆಡುವುದು), ಗದ್ದಲ, ಔಟ್‌ಪುಟ್ ಇಂಪಿಡೆನ್ಸ್ (ಆಂಪಿನ ಔಟ್‌ಪುಟ್‌ನಲ್ಲಿ ಇರುವ ಅದರದೇ ತಡೆ) ಈ ಮೂರರಲ್ಲೂ ಒಂದು ಸಾಧಾರಣ ಟ್ರಾನ್ಸಿಸ್ಟರ್ ಆಂಪ್ ಬಹುತೇಕ ಟ್ಯೂಬ್ ಆಂಪ್‌ಗಳನ್ನು ಸೋಲಿಸುತ್ತದೆ. ಅದನ್ನು ಒಪ್ಪಿಕೊಂಡೇ ಮುಂದಕ್ಕೆ ಹೋಗೋಣ. ರೆಕಾರ್ಡಿಂಗ್‌ನಲ್ಲಿ ಇದ್ದದ್ದನ್ನು ಇದ್ದ ಹಾಗೇ ಕೇಳಬೇಕು ಅನ್ನುವವರಿಗೆ ಟ್ಯೂಬ್ ಬೇಕಿಲ್ಲ.

ಆದರೆ ಟ್ಯೂಬ್ ಸೇರಿಸುವ ಡಿಸ್ಟಾರ್ಶನ್ ಎಂಥದ್ದು ಅನ್ನುವುದೇ ಮಜಾ. ಫೀಡ್‌ಬ್ಯಾಕ್ (ತಪ್ಪು ತಿದ್ದಲು ಔಟ್‌ಪುಟ್‌ನ ಒಂದು ಪಾಲನ್ನು ಇನ್‌ಪುಟ್‌ಗೆ ಮರಳಿಸುವುದು) ಕಡಿಮೆ ಇರುವ ಸರಳ ಟ್ರಯೋಡ್ ಸರ್ಕ್ಯೂಟ್ ಹೆಚ್ಚಾಗಿ ಎರಡನೇ ಹಾರ್ಮೋನಿಕ್ ಸೇರಿಸುತ್ತದೆ, ಅಂದರೆ ಮೂಲ ಸ್ವರದ ದುಪ್ಪಟ್ಟು ಫ್ರೀಕ್ವೆನ್ಸಿ. ಸಂಗೀತದ ಲೆಕ್ಕದಲ್ಲಿ ಹೇಳುವುದಾದರೆ, ಹಾಡುವವರು ಮಧ್ಯ ಷಡ್ಜ ಹಿಡಿದಾಗ ಆಂಪ್ ತುಂಬ ಸಣ್ಣಗೆ ತಾರ ಷಡ್ಜ ಸೇರಿಸುತ್ತದೆ. ಮೂರನೇ ಹಾರ್ಮೋನಿಕ್ ಬಂದರೆ ಅದು ತಾರ ಸ್ಥಾಯಿಯ ಪಂಚಮ. ನಾಲ್ಕನೆಯದು ಮತ್ತೆ ಷಡ್ಜ. ಐದನೆಯದು ಅಂತರ ಗಾಂಧಾರ. ತಂಬೂರಿ ಮೀಟಿದಾಗ ಕೇಳುವ ಸ್ವಯಂಭೂ ಗಾಂಧಾರ ಇದೇ. ನಮ್ಮ ಕಿವಿ ಇವನ್ನು ಅಪಸ್ವರ ಅನ್ನುವುದಿಲ್ಲ. ಧ್ವನಿ ಸ್ವಲ್ಪ ತುಂಬಿಕೊಂಡ ಹಾಗೆ ಅನಿಸುತ್ತದೆ ಅಷ್ಟೇ. ಏಳನೆಯದು, ಒಂಬತ್ತನೆಯದು ಜಾಸ್ತಿಯಾದರೆ ಕರ್ಕಶ. ಒಳ್ಳೆ ಟ್ರಯೋಡ್ ಸರ್ಕ್ಯೂಟ್‌ನಲ್ಲಿ ಮೇಲಿನ ಹಾರ್ಮೋನಿಕ್‌ಗಳು ಬೇಗ ಕರಗಿಹೋಗುತ್ತವೆ.

ಒಂಟಿ ಗಾಯನ, ವೀಣೆ, ಕೊಳಲು, ಮಲ್ಲಿಕಾರ್ಜುನ ಮನ್ಸೂರರ ಹಳೇ ರೆಕಾರ್ಡಿಂಗು, ಇವೆಲ್ಲ ಟ್ಯೂಬಿನಲ್ಲಿ ಸೊಗಸು. ಆದರೆ ಒಟ್ಟಿಗೆ ನಲವತ್ತು ವಾದ್ಯ ಬಾರಿಸುವ ಸಿನಿಮಾ ಹಾಡು ಹಾಕಿ ನೋಡಿ. ಅದೇ ಡಿಸ್ಟಾರ್ಶನ್ ಈಗ ಬೇರೆ ಬೇರೆ ವಾದ್ಯಗಳ ಸ್ವರಗಳನ್ನು ಒಂದಕ್ಕೊಂದು ಬೆರೆಸಿ, ಯಾವ ಶ್ರುತಿಗೂ ಸೇರದ ಹೊಸ ಸ್ವರಗಳನ್ನು ಹುಟ್ಟಿಸುತ್ತದೆ. ಸದ್ದು ಕಲಸಿಹೋದ ಹಾಗೆ ಕೇಳಿಸುತ್ತದೆ. ಟ್ಯೂಬ್‌ನಲ್ಲಿ ಎಲ್ಲವೂ ಚೆನ್ನಾಗಿ ಕೇಳುತ್ತದೆ ಅನ್ನುವವರನ್ನು ನಂಬಬೇಡಿ.

ಇನ್ನು ಭ್ರಮೆಯ ಭಾಗ. ಎರಡು ಆಂಪ್ ಹೋಲಿಸುವಾಗ ಯಾವುದು ಕೂದಲೆಳೆಯಷ್ಟು ಜೋರಾಗಿದೆಯೋ ಅದೇ ಚೆನ್ನಾಗಿ ಕೇಳಿಸುತ್ತದೆ. ಇದು ಎಲ್ಲರ ಕಿವಿಯ ಕಥೆ. ಸರಿಯಾಗಿ ಹೋಲಿಸಬೇಕು ಅಂದರೆ 1 ಕಿಲೋಹರ್ಟ್ಸ್ ಟೋನ್ ಹಾಕಿ, ಹೆಡ್‌ಫೋನ್ ಸಿಕ್ಕಿಸಿಯೇ ಇಟ್ಟು, ಮಲ್ಟಿಮೀಟರ್‌ನಲ್ಲಿ ಎರಡೂ ಆಂಪ್‌ಗಳ ಔಟ್‌ಪುಟ್ ವೋಲ್ಟೇಜು ಶೇಕಡಾ 1ರ ಒಳಗೆ ಹೊಂದಿಸಿ. ಆಮೇಲೆ ಯಾವುದು ಓಡುತ್ತಿದೆ ಅಂತ ಹೇಳದೆ ಮನೆಯವರ ಕೈಲಿ ಬದಲಾಯಿಸಿಸಿ. ಎಷ್ಟೋ "ಆಕಾಶ ಭೂಮಿ ವ್ಯತ್ಯಾಸ"ಗಳು ಅಲ್ಲೇ ಮಾಯವಾಗುತ್ತವೆ. ಉಳಿದುಕೊಂಡ ವ್ಯತ್ಯಾಸ ನಿಜವಾದದ್ದು.

ಯಾವ ಹೆಡ್‌ಫೋನ್‌ಗೆ ಟ್ಯೂಬ್ ಆಂಪ್ ಹೊಂದುತ್ತೆ?

ಈ ಪುಟದಲ್ಲಿ ಒಂದೇ ಉತ್ತರ ಓದುತ್ತೀರಿ ಅಂದರೆ ಇದನ್ನು ಓದಿ. ಟ್ಯೂಬ್ ಯಾವ ಬ್ರ್ಯಾಂಡು ಅನ್ನುವುದಕ್ಕಿಂತ ಹೆಡ್‌ಫೋನಿನ ಇಂಪಿಡೆನ್ಸೂ ಆಂಪಿನ ಔಟ್‌ಪುಟ್ ಇಂಪಿಡೆನ್ಸೂ ಹೊಂದುತ್ತವೆಯಾ ಅನ್ನುವುದು ಎಷ್ಟೋ ಪಾಲು ದೊಡ್ಡದು.

ಒಂದು ಉದಾಹರಣೆ ತಗೊಳ್ಳೋಣ. ಔಟ್‌ಪುಟ್ ಇಂಪಿಡೆನ್ಸ್ 120 ಓಮ್ ಇರುವ ಟ್ಯೂಬ್ ಆಂಪ್. ಅದಕ್ಕೆ ಸೆನ್‌ಹೈಸರ್ ಎಚ್‌ಡಿ 600 ಹಾಕಿ. ಇದು 300 ಓಮ್ ಅಂತ ಬರೆದಿದ್ದರೂ ಬೇಸ್ ಭಾಗದಲ್ಲಿ, 100 ಹರ್ಟ್ಸ್ ಆಸುಪಾಸಿನಲ್ಲಿ, ಅದರ ಇಂಪಿಡೆನ್ಸ್ 500 ಓಮ್ ದಾಟುತ್ತದೆ. 300 ಓಮ್ ಇರುವ ಕಡೆ ಆಂಪಿನ ವೋಲ್ಟೇಜಿನಲ್ಲಿ ಶೇಕಡಾ 71 ಹೆಡ್‌ಫೋನಿಗೆ ತಲುಪಿದರೆ, 500 ಓಮ್ ಇರುವ ಕಡೆ ಶೇಕಡಾ 80 ತಲುಪುತ್ತದೆ. ಅಂದರೆ ಬೇಸ್ ಸುಮಾರು 1 ಡೆಸಿಬೆಲ್ ಮೇಲೇಳುತ್ತದೆ. "ಟ್ಯೂಬ್‌ನಲ್ಲಿ ಬೇಸ್ ಬೆಚ್ಚಗಿದೆ" ಅಂತ ಜನ ಹೇಳುವುದರಲ್ಲಿ ದೊಡ್ಡ ಪಾಲು ಈ ಭಾಗಾಕಾರದ್ದು! ಟ್ರಾನ್ಸಿಸ್ಟರ್ ಆಂಪ್‌ಗೂ ಸಾಲಾಗಿ ಒಂದು 120 ಓಮ್ ರೆಸಿಸ್ಟರ್ ಹಾಕಿದರೆ ಅದೇ ಬೇಸ್ ಸಿಗುತ್ತದೆ. ರೆಸಿಸ್ಟರಿಗೆ ಒಂದೆರಡು ರೂಪಾಯಿ. ಬೇಕಾದರೆ ಮಾಡಿ ನೋಡಿ.

ಅದೇ ಆಂಪಿಗೆ 38 ಓಮ್‌ನ ಆಡಿಯೊ-ಟೆಕ್ನಿಕಾ ಎಂ50ಎಕ್ಸ್ ಹಾಕಿದರೆ ಮುಕ್ಕಾಲು ಪಾಲು ವೋಲ್ಟೇಜು ಆಂಪಿನೊಳಗೇ ಉಳಿಯುತ್ತದೆ. ಟ್ಯೂಬಿಗೆ ಕರೆಂಟು ಕೊಡಲು ಆಗದೆ ಡಿಸ್ಟಾರ್ಶನ್ ಏರುತ್ತದೆ. ಬೇಸ್ ಸಡಿಲ. ಇಯರ್‌ಫೋನ್ ಹಾಕಿದರಂತೂ ಹಾಡಿಗಿಂತ ಮೊದಲು ಆಂಪಿನ ಗುಂಯ್ ಸದ್ದೇ ಕೇಳಿಸುತ್ತದೆ.

ಹಾಗಾಗಿ ಎಚ್‌ಡಿ 600, ಎಚ್‌ಡಿ 650, ಬೇಯರ್‌ಡೈನಾಮಿಕ್ ಡಿಟಿ 880ರ 250 ಅಥವಾ 600 ಓಮ್ ಮಾದರಿ, ಇಂಥವು ಇದ್ದರೆ ಧೈರ್ಯವಾಗಿ ಟ್ಯೂಬ್ ಕಡೆ ಬನ್ನಿ. ಕಡಿಮೆ ಓಮ್‌ನದು ಇದ್ದರೆ ಹೈಬ್ರಿಡ್ ಅಥವಾ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇರುವ ಆಂಪ್ ನೋಡಿ. ಹೆಡ್‌ಫೋನೇ ಇನ್ನೂ ಕೊಂಡಿಲ್ಲ ಅಂದರೆ ದುಡ್ಡೆಲ್ಲ ಮೊದಲು ಅದಕ್ಕೇ ಹಾಕಿ.

ಒಟಿಎಲ್, ಟ್ರಾನ್ಸ್‌ಫಾರ್ಮರ್, ಹೈಬ್ರಿಡ್ ಅಂತಾರಲ್ಲ, ಏನು ವ್ಯತ್ಯಾಸ?

ಒಟಿಎಲ್ ಅಂದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ್ದು. ಟ್ಯೂಬಿನಿಂದ ಒಂದು ದೊಡ್ಡ ಕೆಪಾಸಿಟರ್ ಮೂಲಕ ನೇರ ಹೆಡ್‌ಫೋನಿಗೆ. ಮುಂದೆ ಒಂದು ಸಣ್ಣ ಟ್ಯೂಬ್ ವೋಲ್ಟೇಜು ಏರಿಸುತ್ತದೆ, ಹಿಂದೆ ಒಂದು ದಪ್ಪ ಟ್ಯೂಬ್ ಕರೆಂಟು ಕೊಡುತ್ತದೆ. ಆ ದಪ್ಪ ಟ್ಯೂಬ್ ಹೆಚ್ಚಾಗಿ 6ಎಎಸ್7ಜಿ ಅಥವಾ ಅದರ ತಮ್ಮ 6080. ಸ್ವಾರಸ್ಯ ಏನಂದರೆ ಇದು ಸಂಗೀತಕ್ಕೆ ಅಂತ ಹುಟ್ಟಿದ್ದೇ ಅಲ್ಲ. ಪವರ್ ಸಪ್ಲೈಗಳಲ್ಲಿ ವೋಲ್ಟೇಜು ಸ್ಥಿರವಾಗಿಡಲು ಮಾಡಿದ ರೆಗ್ಯುಲೇಟರ್ ಟ್ಯೂಬ್. ಅದರ ಆಂಪ್ಲಿಫಿಕೇಶನ್ ಬರೀ 2. ಆದರೆ ಒಳಗಿನ ರೆಸಿಸ್ಟೆನ್ಸ್ ತುಂಬ ಕಡಿಮೆ, 280 ಓಮ್. ಕ್ಯಾಥೋಡ್ ಫಾಲೋವರ್ ಆಗಿ, ಅಂದರೆ ಔಟ್‌ಪುಟನ್ನು ಕ್ಯಾಥೋಡಿನಿಂದ ತೆಗೆಯುವ ಹಾಗೆ ಕಟ್ಟಿದರೆ ಔಟ್‌ಪುಟ್ ಇಂಪಿಡೆನ್ಸ್ 100 ಓಮ್ ಸುತ್ತಮುತ್ತಲಿಗೆ ಇಳಿಯುತ್ತದೆ. ಅದೇ ಜಾಗದಲ್ಲಿ 12ಎಯು7 ತರಹದ ಸಣ್ಣ ಟ್ಯೂಬ್ ಹಾಕಿದರೆ 400 ಓಮ್ ದಾಟುತ್ತದೆ. ಅಮೆರಿಕದ ಬಾಟಲ್‌ಹೆಡ್‌ನವರ "ಕ್ರ್ಯಾಕ್" ಕಿಟ್, ಚೈನಾದ ಡಾರ್ಕ್‌ವಾಯ್ಸ್ 336ಎಸ್‌ಇ, ವೂ ಆಡಿಯೊದ ಡಬ್ಲ್ಯೂಎ2 ಎಲ್ಲ ಒಟಿಎಲ್ ಜಾತಿ.

ಟ್ರಾನ್ಸ್‌ಫಾರ್ಮರ್ ಇರುವ ಆಂಪಿನಲ್ಲಿ ಟ್ಯೂಬಿನ ಜಾಸ್ತಿ ವೋಲ್ಟೇಜು, ಕಡಿಮೆ ಕರೆಂಟನ್ನು ಟ್ರಾನ್ಸ್‌ಫಾರ್ಮರ್ ಅದಲು ಬದಲು ಮಾಡಿಕೊಡುತ್ತದೆ. ಹಾಗಾಗಿ ಕಡಿಮೆ ಓಮ್‌ನ ಹೆಡ್‌ಫೋನೂ ಓಡುತ್ತದೆ. ವೂ ಆಡಿಯೊದ ಡಬ್ಲ್ಯೂಎ6 ಈ ಜಾತಿ. ಒಳ್ಳೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೆ ಜಾಸ್ತಿ ದುಡ್ಡು, ಜಾಸ್ತಿ ಭಾರ.

ಹೈಬ್ರಿಡ್‌ನಲ್ಲಿ ವೋಲ್ಟೇಜಿನ ಕೆಲಸ ಟ್ಯೂಬಿಗೆ, ಕರೆಂಟಿನ ಕೆಲಸ ಟ್ರಾನ್ಸಿಸ್ಟರ್ ಅಥವಾ ಮಾಸ್‌ಫೆಟ್‌ಗೆ (ಅದೂ ಟ್ರಾನ್ಸಿಸ್ಟರಿನದೇ ಒಂದು ಬಗೆ). ಅಮೆರಿಕದ ಷಿಟ್ ಕಂಪನಿಯ (ಹೌದು, ಹೆಸರು ಬೇಕಂತಲೇ ಹಾಗೆ ಇಟ್ಟದ್ದು) ವಾಲಿ ಆಂಪ್ ಈ ಬಗೆ. ಯಾವ ಹೆಡ್‌ಫೋನಾದರೂ ಸೈ. ಅಪ್ಪಟ ಟ್ಯೂಬ್ ಭಕ್ತರು ಮೂಗು ಮುರಿಯುತ್ತಾರೆ, ನಾನಂತೂ ಮುರಿಯುವುದಿಲ್ಲ.

ಆನ್‌ಲೈನ್‌ನಲ್ಲಿ ತುಂಬ ಅಗ್ಗಕ್ಕೆ ಸಿಗುವ ಪುಟಾಣಿ ಟ್ಯೂಬ್ ಆಂಪ್ ತಗೊಳ್ಳಬಹುದಾ?

ಆಟಕ್ಕೆ ತಗೊಳ್ಳಿ, ಟ್ಯೂಬ್ ಸದ್ದು ಹೇಗಿರುತ್ತದೆ ಅಂತ ತಿಳಿಯಲು ಬೇಡ. ಅವುಗಳಲ್ಲಿ ಎಷ್ಟೋ ಆಂಪ್‌ಗಳಲ್ಲಿ ಟ್ಯೂಬಿಗೆ ಸಿಗುವುದು ಕೆಲವೇ ವೋಲ್ಟ್, ಹೆಡ್‌ಫೋನ್ ಓಡಿಸುವುದು ಹಿಂದಿರುವ ಆಪ್-ಆಂಪ್ ಚಿಪ್ಪು.

ಗುರುತು ಹಿಡಿಯುವ ಒಂದು ಉಪಾಯ: ದೀಪ ಆರಿಸಿ ಟ್ಯೂಬನ್ನು ಹತ್ತಿರದಿಂದ ನೋಡಿ. ನಿಜವಾದ ಹೀಟರ್ ಬೆಳಕು ಮಂದವಾಗಿ, ಕ್ಯಾಥೋಡ್ ಕೊಳವೆಯ ಮೇಲಿನ ಮತ್ತು ಕೆಳಗಿನ ತುದಿಯಲ್ಲಿ ಮಾತ್ರ ಕಿತ್ತಳೆ ಬಣ್ಣಕ್ಕೆ ಇಣುಕುತ್ತದೆ. ಇಡೀ ಗಾಜು ಬುಡದಿಂದ ಪ್ರಖರವಾಗಿ ಹೊಳೆಯುತ್ತಿದ್ದರೆ ಅದು ಸಾಕೆಟ್ ಕೆಳಗೆ ಅಂಟಿಸಿದ ಎಲ್‌ಇಡಿ. ನೀಲಿ ಬಣ್ಣದ್ದಾದರೆ ಕೇಳಲೇಬೇಡಿ!

ಆದರೆ ಕಡಿಮೆ ವೋಲ್ಟೇಜಿನ ಟ್ಯೂಬ್ ಆಂಪ್ ಎಲ್ಲವೂ ಮೋಸ ಅಲ್ಲ. 1950ರ ದಶಕದ ಕೊನೆಗೆ ಕಾರ್ ರೇಡಿಯೊಗಳಿಗೆ ಅಂತಲೇ ಬ್ಯಾಟರಿಯ 12 ವೋಲ್ಟ್‌ನಲ್ಲಿ ನಡೆಯುವ ಟ್ಯೂಬ್‌ಗಳು ಬಂದಿದ್ದವು. ಪೀಟ್ ಮಿಲೆಟ್ ಅನ್ನುವ ಅಮೆರಿಕನ್ ಎಂಜಿನಿಯರ್ ಅವನ್ನೇ ಹಾಕಿ ಹೈಬ್ರಿಡ್ ಹೆಡ್‌ಫೋನ್ ಆಂಪ್ ವಿನ್ಯಾಸ ಮಾಡಿದರು. ಆಮೇಲೆ "ಸ್ಟಾರ್ವಿಂಗ್ ಸ್ಟೂಡೆಂಟ್" ಅನ್ನುವ ಇನ್ನೊಂದು ವಿನ್ಯಾಸ ಕೊಟ್ಟರು. ಯಾರೂ ಕೇಳದೆ ಬಿದ್ದಿದ್ದ 19ಜೆ6 ಟ್ಯೂಬ್, ಒಂದು ಮಾಸ್‌ಫೆಟ್, 48 ವೋಲ್ಟಿನ ರೆಡಿಮೇಡ್ ಅಡಾಪ್ಟರು. ಬಡ ವಿದ್ಯಾರ್ಥಿಗೂ ಎಟುಕಲಿ ಅಂತ ಮಾಡಿದ್ದು. ಎಲ್ಲರೂ ಅದನ್ನೇ ಕಟ್ಟಲು ಹೊರಟಾಗ 19ಜೆ6 ಬೆಲೆ ಏರಿ ಕೂತಿತು. ಈ ಹವ್ಯಾಸದಲ್ಲಿ ಅಗ್ಗದ ಮಾಲು ಬಹಳ ದಿನ ಅಗ್ಗವಾಗಿ ಉಳಿಯುವುದಿಲ್ಲ.

ಟ್ಯೂಬ್ ಬದಲಾಯಿಸಿದರೆ ಸದ್ದು ಬದಲಾಗುತ್ತಾ?

ಬದಲಾಗಬಹುದು, ಆದರೆ ಜನ ಬರೆಯುವಷ್ಟಲ್ಲ. ಹಳೇ ಟ್ಯೂಬ್ ಸವೆದಿದ್ದರೆ, ಗದ್ದಲ ಮಾಡುತ್ತಿದ್ದರೆ, ಹೊಸದು ಹಾಕಿದಾಗ ಖಂಡಿತ ಗೊತ್ತಾಗುತ್ತದೆ. ಗೇನ್ (ಸಿಗ್ನಲನ್ನು ಎಷ್ಟು ಪಟ್ಟು ಏರಿಸುತ್ತದೆ ಅನ್ನುವುದು) ಬೇರೆ ಇದ್ದರೂ ಗೊತ್ತಾಗುತ್ತದೆ. ಆದರೆ ಒಂದೇ ನಂಬರಿನ ಎರಡು ಒಳ್ಳೆ ಟ್ಯೂಬ್‌ಗಳ ನಡುವೆ "ತೆರೆ ಸರಿದ ಹಾಗೆ" ವ್ಯತ್ಯಾಸ ಕೇಳಿತು ಅನ್ನುವವರನ್ನು ಮೇಲೆ ಹೇಳಿದ ಮಲ್ಟಿಮೀಟರ್ ಪರೀಕ್ಷೆಗೆ ಕೂರಿಸಬೇಕು. ಆಂಪಿನ ಬೆಲೆಗಿಂತ ಟ್ಯೂಬ್‌ಗೇ ಜಾಸ್ತಿ ಸುರಿದವರನ್ನು ನೋಡಿದ್ದೇನೆ. ಅದು ಸಂಗ್ರಹದ ಖುಷಿ. ತಪ್ಪೇನಿಲ್ಲ, ಆದರೆ ಸದ್ದಿನ ಹೆಸರಲ್ಲಿ ಯಾಕೆ?

ಬದಲಾಯಿಸುವ ಮುಂಚೆ ಡೇಟಾಶೀಟ್ (ತಯಾರಕರು ಕೊಡುವ ವಿವರದ ಹಾಳೆ) ನೋಡಿ. ಸಾಕೆಟ್‌ಗೆ ಕೂತಿತು ಅಂದ ಮಾತ್ರಕ್ಕೆ ಸರಿಹೋಯಿತು ಅಂತಲ್ಲ. 12ಎಯು7 ಮತ್ತು 6922 ಎರಡಕ್ಕೂ ಒಂಬತ್ತು ಪಿನ್, ಆದರೆ ಹೀಟರ್ ವೈರಿಂಗ್ ಬೇರೆ. ರಷ್ಯಾದ 6ಎನ್1ಪಿಯನ್ನು 6922 ಬದಲಿಗೆ ಹಾಕಿ ಅಂತ ಸಲಹೆ ಕೊಡುತ್ತಾರೆ. ಪಿನ್ ಹೊಂದುತ್ತದೆ, ಆದರೆ ಹೀಟರಿಗೆ 300 ಮಿಲಿಆಂಪ್ ಬದಲು 600 ಬೇಕು. ಟ್ರಾನ್ಸ್‌ಫಾರ್ಮರಿಗೆ ಆ ತಾಕತ್ತು ಇಲ್ಲದಿದ್ದರೆ ಮೊದಲು ಬಿಸಿ, ಆಮೇಲೆ ವಾಸನೆ.

ಹಳೇ ಟ್ಯೂಬ್ ಕೊಳ್ಳುವಾಗ ಏನು ನೋಡಬೇಕು?

ಗಾಜಿನ ಒಳಗೆ, ಸಾಮಾನ್ಯವಾಗಿ ತಲೆಯ ಭಾಗದಲ್ಲಿ, ಕನ್ನಡಿಯಂಥ ಬೆಳ್ಳಿ ಬಣ್ಣದ ಲೇಪ ಇರುತ್ತದೆ. ಅದೇ ಗೆಟರ್. ಬೇರಿಯಂ ಲೋಹ. ಒಳಗೆ ಉಳಿದ ಚೂರುಪಾರು ಅನಿಲವನ್ನು ಹೀರಿಕೊಳ್ಳುವುದು ಅದರ ಕೆಲಸ. ಹೊಳೆಯುತ್ತಿದ್ದರೆ ನಿರ್ವಾತ ಚೆನ್ನಾಗಿದೆ. ಅಂಚು ಕಂದು ಬಣ್ಣಕ್ಕೆ ತಿರುಗಿ ತೆಳ್ಳಗಾಗಿದ್ದರೆ ಬಹಳ ಬಳಸಿದ್ದಾರೆ ಅಂತ ಅನುಮಾನ ಪಡಿ. ಪೂರ್ತಿ ಹಾಲಿನ ಬಿಳುಪಾಗಿದ್ದರೆ ಗಾಳಿ ಒಳಗೆ ಹೊಕ್ಕಿದೆ, ಆ ಟ್ಯೂಬಿನ ಕಥೆ ಮುಗಿದಿದೆ. ಶೋಕೇಸಿಗೆ ಇಡಬಹುದು.

ಪಿನ್ ಬಗ್ಗಿದೆಯಾ, ಬುಡದಲ್ಲಿ ಗಾಜು ಬಿರುಕು ಬಿಟ್ಟಿದೆಯಾ ನೋಡಿ. ಮೇಲಿನ ಮುದ್ರೆಯನ್ನು ಮಾತ್ರ ನಂಬಬೇಡಿ. ಮುಲ್ಲಾರ್ಡ್, ಟೆಲಿಫಂಕನ್ ಅಂತ ಬರೆದರೆ ನಾಲ್ಕು ಪಟ್ಟು ಬೆಲೆ ಬರುತ್ತದೆ, ಹಾಗಾಗಿ ಬರೆಯುವವರೂ ಇದ್ದಾರೆ. ಟೆಸ್ಟರ್‌ನಲ್ಲಿ ಅಳೆದ ಲೆಕ್ಕ ಕೊಡುವವರ ಹತ್ತಿರ ಕೊಳ್ಳಿ.

ನಮ್ಮ ಬಿಇಎಲ್‌ನವರೂ ಟ್ಯೂಬ್ ಮಾಡುತ್ತಿದ್ದರಂತೆ, ಹೌದಾ?

ಹೌದು. ಭಾರತ್ ಎಲೆಕ್ಟ್ರಾನಿಕ್ಸ್ ಬೆಂಗಳೂರಿನಲ್ಲಿ ಶುರುವಾದದ್ದು 1954ರಲ್ಲಿ, ಜಾಲಹಳ್ಳಿಯಲ್ಲಿ. 1961ರಲ್ಲಿ ರಿಸೀವಿಂಗ್ ವಾಲ್ವ್, ಅಂದರೆ ರೇಡಿಯೊ ಟ್ಯೂಬ್ ತಯಾರಿಕೆಗೆ ಇಳಿದರು. ಮರುವರ್ಷವೇ ಜರ್ಮೇನಿಯಂ ಟ್ರಾನ್ಸಿಸ್ಟರುಗಳ ಕೆಲಸವೂ ಶುರುವಾಯಿತು. ಅಂದರೆ ಹಳೆಯದೂ ಅದನ್ನು ಮೂಲೆಗೆ ತಳ್ಳಲು ಬಂದ ಹೊಸದೂ ಹೆಚ್ಚು ಕಮ್ಮಿ ಒಟ್ಟಿಗೇ ಕಾಲಿಟ್ಟವು.

ಬಿಇಎಲ್ ಹೆಸರಿನ ಇಸಿಸಿ83, ಇಎಲ್84 ಟ್ಯೂಬ್‌ಗಳು ಈಗಲೂ ಹಳೇ ಸಾಮಾನಿನ ವ್ಯಾಪಾರಿಗಳ ಹತ್ತಿರ, ರೇಡಿಯೊ ರಿಪೇರಿಯವರ ಡಬ್ಬಗಳಲ್ಲಿ ಸಿಗುತ್ತವೆ. ಹೊರದೇಶದ ಗಿಟಾರ್ ಆಂಪ್‌ನವರೂ ಇವನ್ನು ಹುಡುಕುತ್ತಾರೆ. ಹೆಡ್‌ಫೋನ್ ಆಂಪಿನ ಮಟ್ಟಿಗೆ ಇಸಿಸಿ83ರ ಉಪಯೋಗ ಸೀಮಿತ. ಗೇನ್ 100, ನಮಗೆ ಅಷ್ಟು ಬೇಡ. ಇಎಲ್84 ಮಾತ್ರ ಟ್ರಾನ್ಸ್‌ಫಾರ್ಮರ್ ಇರುವ ಆಂಪಿಗೆ ಒಳ್ಳೆ ಔಟ್‌ಪುಟ್ ಟ್ಯೂಬ್. ಜಾಲಹಳ್ಳಿಯಲ್ಲಿ ಮಾಡಿದ ಟ್ಯೂಬಿನಲ್ಲಿ ಗಂಗೂಬಾಯಿ ಹಾನಗಲ್ಲರನ್ನು ಕೇಳುವ ಆಸೆಗೆ ತಾಂತ್ರಿಕ ಕಾರಣ ಏನೂ ಬೇಕಿಲ್ಲ ಬಿಡಿ.

ಈಗ ಹೊಸ ಟ್ಯೂಬ್ ಯಾರು ಮಾಡುತ್ತಾರೆ?

ಮುಖ್ಯವಾಗಿ ಸ್ಲೊವಾಕಿಯಾದ ಜೆಜೆ, ರಷ್ಯಾದ ಸರಾತೋವ್‌ನಲ್ಲಿರುವ ಕಾರ್ಖಾನೆ, ಚೈನಾದ ಕೆಲವರು. ಸೊವ್‌ಟೆಕ್, ಎಲೆಕ್ಟ್ರೋ-ಹಾರ್ಮೋನಿಕ್ಸ್, ಈಗಿನ ಟಂಗ್-ಸೋಲ್ ಎಲ್ಲ ಸರಾತೋವ್‌ನಿಂದಲೇ ಬರುವುದು. ಪೆಟ್ಟಿಗೆ ಮೇಲಿನ ಹೆಸರು ಬೇರೆ, ಮೂಲ ಒಂದೇ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಸರಾತೋವ್‌ನ ಪೂರೈಕೆಗೆ ಕೆಲಕಾಲ ತಡೆಬಿತ್ತು, ಬೆಲೆ ಏರಿತು. ಮಾಮೂಲಿ ಬಳಕೆಗೆ ಜೆಜೆ ಸಾಕು.

ಕಿಟ್ ತಂದು ನಾನೇ ಜೋಡಿಸಬಹುದಾ?

ಬೆಸುಗೆ ಹಾಕಲು ಬರುತ್ತದೆ, ರೆಸಿಸ್ಟರ್ ಬಣ್ಣ ಓದಲು ಬರುತ್ತದೆ, ತಾಳ್ಮೆ ಇದೆ ಅಂದರೆ ಜೋಡಿಸಬಹುದು. ಆದರೆ ಮೊದಲ ಪ್ರಾಜೆಕ್ಟೇ ಇದು ಆಗದಿರಲಿ. ಒಳಗೆ 150ರಿಂದ 400 ವೋಲ್ಟ್ ಡಿಸಿ ಇರುತ್ತದೆ. ಇದು ಜೀವ ತೆಗೆಯುವ ವೋಲ್ಟೇಜು.

ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರುಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಅವುಗಳಿಗೆ ಅಡ್ಡಲಾಗಿ ಬ್ಲೀಡರ್ ರೆಸಿಸ್ಟರ್ (ಆ ಚಾರ್ಜನ್ನು ಮೆಲ್ಲಗೆ ಹರಿಸಿ ಖಾಲಿ ಮಾಡುವುದು) ಇರಲೇಬೇಕು. ಇದ್ದರೂ ನಂಬಬೇಡಿ, ಕೈ ಹಾಕುವ ಮುಂಚೆ ಪ್ರತಿ ಸಲ ಮಲ್ಟಿಮೀಟರ್ ಹಿಡಿದು ಸೊನ್ನೆಗೆ ಇಳಿದಿದೆಯಾ ನೋಡಿ. ಆನ್ ಇರುವಾಗ ಅಳೆಯಬೇಕಾದರೆ ಒಂದು ಕೈ ಜೇಬಿನಲ್ಲಿ, ಕಾಲಲ್ಲಿ ರಬ್ಬರ್ ಚಪ್ಪಲಿ. ಎರಡು ಕೈಯಿಂದ ಮುಟ್ಟಿದರೆ ಕರೆಂಟು ಎದೆಯ ಮೂಲಕ ಹಾಯುತ್ತದೆ. ಲೋಹದ ಡಬ್ಬಕ್ಕೆ ಅರ್ಥಿಂಗ್ ಕಡ್ಡಾಯ. ಮೂರು ಪಿನ್ ಪ್ಲಗ್ಗಿನ ಮೂರನೇ ಪಿನ್ ಕತ್ತರಿಸಿ ಹಮ್ (ಗುಂಯ್ ಸದ್ದು) ಕಡಿಮೆ ಮಾಡಿಕೊಂಡೆ ಅನ್ನುವವರ ಮನೆಗೆ ಹೋಗಬೇಡಿ.

ಮೊದಲ ಸಲ ಆನ್ ಮಾಡುವಾಗ ಸೀರೀಸ್ ಬೋರ್ಡ್ ಬಳಸಿ, ಅಂದರೆ ಮೇನ್ಸ್‌ಗೆ ಸಾಲಾಗಿ 60 ವ್ಯಾಟಿನ ಹಳೇ ಬುರುಡೆ ಬಲ್ಬು. ಬಲ್ಬು ಒಮ್ಮೆ ಹೊಳೆದು ಮಂಕಾದರೆ ಸರಿ. ಹೊಳೆಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ, ತಕ್ಷಣ ಆಫ್ ಮಾಡಿ. ಎಲ್‌ಇಡಿ ಬಲ್ಬಿನಲ್ಲಿ ಇದು ನಡೆಯುವುದಿಲ್ಲ. ಈಗ ಕಷ್ಟ ಏನಂದರೆ ಬುರುಡೆ ಬಲ್ಬು ಹುಡುಕುವುದೇ.

ದುಬಾರಿ ಹೆಡ್‌ಫೋನ್ ಹಾಕುವ ಮುಂಚೆ ಜ್ಯಾಕಿನಲ್ಲಿ ಡಿಸಿ ಅಳೆಯಿರಿ. ಬಿಸಿಯಾಗಿ ನಿಂತ ಮೇಲೆ ಕೆಲವೇ ಮಿಲಿವೋಲ್ಟ್ ಇರಬೇಕು. ಔಟ್‌ಪುಟ್ ಕೆಪಾಸಿಟರ್ ಕೈಕೊಟ್ಟರೆ ನೇರ ಹತ್ತಾರು ವೋಲ್ಟ್ ಹೆಡ್‌ಫೋನಿಗೆ ಹೋಗಿ ವಾಯ್ಸ್ ಕಾಯಿಲ್ ಸುಟ್ಟುಹೋಗುತ್ತದೆ. ಮೊದಲ ಹಾಡು ಯಾವುದಾದರೂ ಹಳೇ ಹೆಡ್‌ಫೋನಿನಲ್ಲಿ ಕೇಳಿ.

ಬೆಂಗಳೂರಿನಲ್ಲಿ ಇದ್ದರೆ ರೆಸಿಸ್ಟರು, ಕೆಪಾಸಿಟರು, ಸ್ವಿಚ್ಚು, ವೈರು ಎಲ್ಲಕ್ಕೂ ಎಸ್‌.ಪಿ. ರಸ್ತೆ ಇದೆ. ಟ್ರಾನ್ಸ್‌ಫಾರ್ಮರ್ ಸುತ್ತಿಕೊಡುವವರಿಗೆ "230 ಪ್ರೈಮರಿ, 150 ವೋಲ್ಟ್ ಒಂದು ಸೆಕೆಂಡರಿ, 6.3 ವೋಲ್ಟ್ 4 ಆಂಪಿಯರ್ ಇನ್ನೊಂದು" ಅಂತ ಚೀಟಿಯಲ್ಲಿ ಬರೆದುಕೊಡಿ. ಬಾಯಿಮಾತಲ್ಲಿ ಹೇಳಿದರೆ 6.3 ಹೋಗಿ 6 ಆಗುತ್ತದೆ. 12ಎಯು7 ಜೊತೆ 6080 ಸೇರಿದರೆ ಹೀಟರುಗಳೇ 2.8 ಆಂಪಿಯರ್ ಕುಡಿಯುತ್ತವೆ, ಹಾಗಾಗಿ 4 ಕೇಳುವುದು.

ಅಮೆರಿಕದಲ್ಲಿರುವ ಅಣ್ಣ ಬರುವಾಗ ಆಂಪ್ ತರುತ್ತಾನೆ. ಇಲ್ಲಿ ನಡೆಯುತ್ತಾ?

ಹಿಂಬದಿಯ ಲೇಬಲ್ ಫೋಟೊ ಕಳಿಸಲು ಹೇಳಿ. ಬರೀ 120 ವೋಲ್ಟ್ ಅಂತ ಇದ್ದರೆ ನಮ್ಮ 230ಕ್ಕೆ ನೇರ ಹಾಕಿದ ಕ್ಷಣ ಅದು ಹೋದ ಹಾಗೆ. ಕೆಲವುಗಳಲ್ಲಿ 120/230 ಬದಲಾಯಿಸುವ ಸ್ವಿಚ್ ಅಥವಾ ಜಂಪರ್ ಇರುತ್ತದೆ. ಇಲ್ಲದಿದ್ದರೆ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಕೊಳ್ಳಬೇಕು. ಆರ್ಡರ್ ಮಾಡುವಾಗಲೇ 230 ವೋಲ್ಟಿನ ಮಾದರಿ ಕೇಳುವುದು ಎಲ್ಲಕ್ಕಿಂತ ವಾಸಿ. ಅಣ್ಣನಿಗೆ ಇನ್ನೊಂದು ಮಾತು: ಟ್ಯೂಬ್‌ಗಳನ್ನು ಸಾಕೆಟ್‌ನಿಂದ ತೆಗೆದು, ಬೇರೆ ಸುತ್ತಿ, ಕೈಚೀಲದಲ್ಲಿ ಇಟ್ಟುಕೊಳ್ಳಲಿ.

ಗುಂಯ್ ಅನ್ನುತ್ತೆ, ಝರ್ ಅನ್ನುತ್ತೆ, ಟ್ಯೂಬ್ ತಟ್ಟಿದರೆ ಟಿಣ್ ಅನ್ನುತ್ತೆ. ಏನು ಮಾಡಲಿ?

ಮೂರಕ್ಕೂ ಮೂಲ ಬೇರೆ.

ಒಂದೇ ಸಮನೆ ಗುಂಯ್ ಅಂದರೆ ಮೇನ್ಸ್ ಹಮ್. 50 ಹರ್ಟ್ಸ್ ಆದರೆ ಹೀಟರ್ ವೈರಿಂಗ್, ಅರ್ಥ್ ಲೂಪ್ ಅಥವಾ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ. 100 ಹರ್ಟ್ಸ್ ಆದರೆ ಪವರ್ ಸಪ್ಲೈ ಫಿಲ್ಟರ್. ಮೊದಲು ಟ್ಯೂಬ್ ಬದಲಾಯಿಸಿ ನೋಡಿ, ಒಳಗೆ ಹೀಟರಿನಿಂದ ಕ್ಯಾಥೋಡಿಗೆ ಲೀಕೇಜ್ ಇದ್ದರೂ ಹೀಗೇ ಆಗುತ್ತದೆ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತಾಗ ಹಮ್ ನಿಂತರೆ ತಪ್ಪು ಆಂಪಿನದಲ್ಲ.

ಝರ್ ಝರ್ ಅಂದರೆ ತಲೆ ಎತ್ತಿ ಫ್ಯಾನ್ ನೋಡಿ. ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್ ಕರೆಂಟಿನ ಅಲೆಯನ್ನು ಕತ್ತರಿಸಿ ಕತ್ತರಿಸಿ ಬಿಡುತ್ತದೆ, ಆ ಸದ್ದು ಆಂಪಿಗೆ ನುಗ್ಗುತ್ತದೆ. ಫ್ಯಾನನ್ನು ಪೂರ್ತಿ ಐದಕ್ಕೆ ಇಟ್ಟರೆ ಅಥವಾ ಆರಿಸಿದರೆ ನಿಲ್ಲುತ್ತದೆ. ಕರೆಂಟು ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಓಡಿಸಿದರೂ ಇದೇ ಗೋಳು, ಜೊತೆಗೆ ಟ್ರಾನ್ಸ್‌ಫಾರ್ಮರೇ ಗುರುಗುಟ್ಟುತ್ತದೆ. ಆಗ ಆಂಪ್ ಆರಿಸಿ, ಫೋನಿನಲ್ಲಿ ಕೇಳಿ.

ಟಿಣ್ ಅನ್ನುವುದು ಮೈಕ್ರೋಫೋನಿಕ್ಸ್. ಒಳಗಿನ ಗ್ರಿಡ್ ತಂತಿ ಅಲುಗಿದರೆ ಅದೇ ಸಿಗ್ನಲ್ ಆಗುತ್ತದೆ. ಸ್ವಲ್ಪ ಇದ್ದರೆ ಮಾಮೂಲು. ಟೈಪ್ ಮಾಡಿದರೂ ಕೇಳಿಸುವಷ್ಟಿದ್ದರೆ ಟ್ಯೂಬ್ ಬದಲಾಯಿಸಿ, ಆಂಪಿನ ಕೆಳಗೆ ಮೆತ್ತನೆ ರಬ್ಬರ್ ಇಡಿ.

ಟ್ಯೂಬ್ ಎಷ್ಟು ದಿನ ಬಾಳುತ್ತೆ? ಸದಾ ಆನ್ ಇಡಬೇಕಾ?

ಸಣ್ಣ ಟ್ಯೂಬ್‌ಗಳು ಸಾವಿರಾರು ಗಂಟೆ ಬಾಳುತ್ತವೆ. ಇ88ಸಿಸಿ ತರಹದ ವಿಶೇಷ ಗುಣಮಟ್ಟದ ಟ್ಯೂಬ್‌ಗಳಿಗೆ ತಯಾರಕರೇ 10,000 ಗಂಟೆ ಹೇಳುತ್ತಿದ್ದರು. ದಿನಕ್ಕೆ ಮೂರು ಗಂಟೆ ಕೇಳಿದರೆ ಒಂಬತ್ತು ವರ್ಷ. ದಪ್ಪ ಔಟ್‌ಪುಟ್ ಟ್ಯೂಬ್‌ಗಳು ಇದಕ್ಕಿಂತ ಬೇಗ ಸೋಲುತ್ತವೆ.

ಸದಾ ಆನ್ ಇಡಬೇಡಿ. ಕೇಳುವುದಾದರೆ ಹಾಕಿ, ಎದ್ದು ಹೋಗುವಾಗ ಆರಿಸಿ. ಒಟಿಎಲ್ ಆಂಪ್ ಆದರೆ ಆನ್ ಮಾಡಿ ಒಂದೆರಡು ನಿಮಿಷ ಬಿಟ್ಟು ಹೆಡ್‌ಫೋನ್ ಸಿಕ್ಕಿಸಿ, ಆರಿಸುವ ಮುಂಚೆ ಕಿತ್ತುಬಿಡಿ. ಕೆಪಾಸಿಟರ್ ಚಾರ್ಜ್ ಆಗುವಾಗ ಬರುವ ಧಡ್ ಸದ್ದು ಹೆಡ್‌ಫೋನಿಗೆ ಒಳ್ಳೆಯದಲ್ಲ.

6080 ಟ್ಯೂಬಿನ ಹೀಟರೇ ಸುಮಾರು 16 ವ್ಯಾಟ್. ಗಾಜು ಮುಟ್ಟಿದರೆ ಬೊಬ್ಬೆ ಗ್ಯಾರಂಟಿ. ಮಕ್ಕಳು, ಬೆಕ್ಕು, ಕಿಟಕಿ ಪರದೆ ಮೂರನ್ನೂ ದೂರ ಇಡಿ. ಬೆಂಗಳೂರಿನ ಡಿಸೆಂಬರಿನಲ್ಲಿ ಪಕ್ಕ ಕೂರಲು ಹಿತ. ಕಲಬುರಗಿಯ ಮೇ ತಿಂಗಳಲ್ಲಿ ಏನು ಮಾಡುತ್ತೀರೋ ನಿಮಗೆ ಬಿಟ್ಟದ್ದು.

ಹೊಸ ಟ್ಯೂಬನ್ನು ನೂರು ಗಂಟೆ ಓಡಿಸಿದ ಮೇಲೇ ಚೆನ್ನಾಗಿ ಕೇಳುತ್ತಂತೆ?

ಮೊದಲ ಕೆಲವು ಗಂಟೆ ಕ್ಯಾಥೋಡ್ ಹದಕ್ಕೆ ಬರುತ್ತದೆ, ಅದು ನಿಜ. ಆಮೇಲಿನ ತೊಂಬತ್ತು ಗಂಟೆಯಲ್ಲಿ ಹದಕ್ಕೆ ಬರುವುದು ನಿಮ್ಮ ಕಿವಿ.

ಈ ಹುಚ್ಚಿನ ತುತ್ತತುದಿ ಯಾವುದು?

ಸೆನ್‌ಹೈಸರ್ 1991ರಲ್ಲಿ ಆರ್ಫಿಯಸ್ ಅನ್ನುವ ಎಲೆಕ್ಟ್ರೋಸ್ಟ್ಯಾಟಿಕ್ ಹೆಡ್‌ಫೋನ್ ತಂದಿತು, ಅದಕ್ಕೇ ಅಂತ ಟ್ಯೂಬ್ ಆಂಪ್ ಕೂಡ. 2015ರಲ್ಲಿ ಅದರ ಉತ್ತರಾಧಿಕಾರಿ ಎಚ್‌ಇ 1 ಬಂತು. ಇಟಲಿಯ ಕರಾರಾ ಅಮೃತಶಿಲೆಯ ಪೀಠ. ಆನ್ ಮಾಡಿದಾಗ ಎಂಟು ಟ್ಯೂಬ್‌ಗಳು ಗಾಜಿನ ಮುಚ್ಚಳದೊಳಗೆ ಮೆಲ್ಲಗೆ ಮೇಲೇಳುತ್ತವೆ. ಬೆಲೆ ಕೇಳಿದರೆ ಸೈಟು ನೆನಪಾಗುತ್ತದೆ. ಎಲೆಕ್ಟ್ರೋಸ್ಟ್ಯಾಟಿಕ್ ಹೆಡ್‌ಫೋನಿಗೆ ನೂರಾರು ವೋಲ್ಟ್ ಬೇಕು, ಕರೆಂಟು ಹೆಸರಿಗಷ್ಟೇ. ಟ್ಯೂಬಿಗೆ ಇದಕ್ಕಿಂತ ಒಪ್ಪುವ ಕೆಲಸ ಇಲ್ಲ.

ಇನ್ನೊಂದು ತುದಿಯಲ್ಲಿ ಜಪಾನಿನ ಕೊರ್ಗ್ ಮತ್ತು ನೊರಿಟಾಕೆ ಸೇರಿ ಮಾಡಿದ ನ್ಯೂಟ್ಯೂಬ್ ಇದೆ. ಹಳೇ ವಿಸಿಆರ್‌ಗಳಲ್ಲಿ ಹಸಿರಾಗಿ ಗಂಟೆ ತೋರಿಸುತ್ತಿದ್ದ ಡಿಸ್‌ಪ್ಲೇಯ ತಂತ್ರವನ್ನೇ ಬಳಸಿದ ಚಪ್ಪಟೆ ಟ್ರಯೋಡ್. ಬ್ಯಾಟರಿಯಲ್ಲೂ ಓಡುತ್ತದೆ, ಬಿಸಿಯೂ ಆಗುವುದಿಲ್ಲ. ತಟ್ಟಿದರೆ ಮಾತ್ರ ಜೋರಾಗಿ ಟಿಣ್ ಅನ್ನುತ್ತದೆ.

ಕರೆಂಟ್ ಬಿಲ್ ಜಾಸ್ತಿ ಬರುತ್ತಾ?

50 ವ್ಯಾಟಿನ ಆಂಪ್ ದಿನಕ್ಕೆ ಮೂರು ಗಂಟೆ ಓಡಿದರೆ ತಿಂಗಳಿಗೆ ನಾಲ್ಕೂವರೆ ಯೂನಿಟ್. ಮನೆಯಲ್ಲಿ ಯಾರಾದರೂ ಕೇಳಿದರೆ ಈ ಲೆಕ್ಕ ಹೇಳಿ. ಟ್ಯೂಬ್‌ಗೆ ಎಷ್ಟು ಕೊಟ್ಟೆ ಅಂತ ಕೇಳಿದರೆ ವಾಲ್ಯೂಮ್ ಏರಿಸಿ.